ಎರಡು ಪುಟದ ಪ್ರೀತಿ

ಬ್ಯಾಂಕಿನಲ್ಲಿ 38 ವರ್ಷ ಲೆಕ್ಕ ಬರೆದವನಿಗೆ ಏನು ಕಂಡರೂ ಎಣಿಸುವ ಚಾಳಿ ಅಂಟಿಕೊಂಡುಬಿಡುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ನಾನು ಎಣಿಸದೆ ಹತ್ತಿದ್ದೇ ಇಲ್ಲ. ಹಾಗಾಗಿ ಮೊಮ್ಮಗಳು ಓದಲು ಕೊಟ್ಟ ಒಂದು ಇಂಗ್ಲಿಷ್ ಕಾದಂಬರಿಯಲ್ಲೂ ಎಣಿಸಿದೆ. ಹುಡುಗ, ಹುಡುಗಿ ಮೊದಲ ಸಲ ಒಬ್ಬರನ್ನೊಬ್ಬರು ನೋಡಿದ್ದು 31ನೇ ಪುಟದಲ್ಲಿ. ಇವನಿಗಾಗಿ ಪ್ರಾಣ ಬೇಕಾದರೂ ಕೊಟ್ಟೇನು ಎಂದು ಆ ಹುಡುಗಿ ಅಂದುಕೊಂಡದ್ದು 33ನೇ ಪುಟದಲ್ಲಿ. ನಡುವೆ ಇದ್ದದ್ದು ಎರಡೇ ಪುಟ. ಅದರಲ್ಲೂ ಅರ್ಧ ಪುಟ ಅವನ ಕಣ್ಣಿನ ಬಣ್ಣಕ್ಕೇ ಖರ್ಚಾಗಿತ್ತು.

ಮೊಮ್ಮಗಳು ಒಂಬತ್ತನೇ ತರಗತಿ. ಅವಳಿಗೂ ಅವಳ ಗೆಳತಿಯರಿಗೂ ಇಷ್ಟವಾದ ಈ ಬಗೆಯ ಕತೆಗಳಿಗೆ 'ಡಿಸ್ಟೋಪಿಯಾ' ಎಂದು ಹೆಸರು. ನಾವು ರಾಮರಾಜ್ಯ ಎನ್ನುತ್ತೇವಲ್ಲ, ಅದರ ತಿರುಗುಮುರುಗು. ನಾನು ಅದಕ್ಕೆ 'ಕೇಡುಗಾಲದ ಕತೆ' ಎಂದು ಹೆಸರಿಟ್ಟಿದ್ದೇನೆ. ಮುಂದೆ ಎಂದೋ ಒಂದು ಕಾಲ. ಅಲ್ಲಿ ಒಂದು ಕ್ರೂರ ಸರ್ಕಾರ. ಏನು ತಿನ್ನಬೇಕು, ಏನು ಓದಬೇಕು, ಯಾವ ಕೆಲಸ ಮಾಡಬೇಕು, ಎಲ್ಲವೂ ಮೇಲಿನವರದೇ ಅಪ್ಪಣೆ. ಗೋಡೆಗೂ ಕಿವಿ, ಬೀದಿದೀಪಕ್ಕೂ ಕಣ್ಣು. ಅಂಥ ಊರಿನಲ್ಲಿ ಹದಿನಾರು ಹದಿನೇಳರ ಒಬ್ಬ ಹುಡುಗಿಯೋ ಹುಡುಗನೋ 'ಇದು ಸರಿಯಲ್ಲ' ಎಂದು ತಲೆಯೆತ್ತುತ್ತಾರೆ. ಕತೆ ಶುರು.

ಇಂಥ ಕತೆ ಮಕ್ಕಳು ಓದಬಾರದು ಎನ್ನುವ ಹಿರಿಯರಿದ್ದಾರೆ. ನಾನು ಆ ಗುಂಪಿಗೆ ಸೇರಿದವನಲ್ಲ. ಅನ್ಯಾಯ ಕಂಡಾಗ ಪ್ರಶ್ನೆ ಕೇಳಬೇಕು ಎನ್ನುವುದನ್ನು ಕತೆಯಿಂದ ಕಲಿಯದೆ ಇನ್ನೆಲ್ಲಿಂದ ಕಲಿಯಬೇಕು? ಒಂದು ಬೇಸಿಗೆ ರಜೆ ಪೂರ್ತಿ ಮೊಮ್ಮಗಳ ಜೊತೆ ಪಟ್ಟಾಗಿ ಕೂತು ಇಂಥ ಏಳೆಂಟು ಪುಸ್ತಕ ಓದಿದೆ. ನನ್ನ ತಕರಾರು ಇರುವುದು ಆ ಎರಡು ಪುಟದ ಪ್ರೀತಿಯ ಮೇಲೆ.

ಒಂದು ಉದಾಹರಣೆ ಕೊಡುತ್ತೇನೆ. ಆಲಿ ಕಾಂಡಿ ಎಂಬ ಅಮೆರಿಕದ ಲೇಖಕಿ 2010ರಲ್ಲಿ ಬರೆದ 'ಮ್ಯಾಚ್ಡ್' ಎಂಬ ಕಾದಂಬರಿ ಇದೆ. ಅಲ್ಲಿ ಗಂಡು ಹೆಣ್ಣಿನ ಜೋಡಿ ಕೂಡಿಸುವುದು ಸರ್ಕಾರ. ಜಾತಕ ನೋಡುವ ಜೋಯಿಸರ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದಾರೆ. ಹಳೆಯ ಪದ್ಯಗಳಲ್ಲಿ ನೂರನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದೆಲ್ಲ ನಾಶ ಮಾಡಿದ್ದಾರೆ. ಎಲ್ಲಕ್ಕಿಂತ ಭಯಂಕರ ಕಾನೂನು ಎಂದರೆ, ಎಲ್ಲರೂ 80 ತುಂಬಿದ ದಿನ ಸಾಯಬೇಕು. ನನಗೀಗ 74. ಆ ಲೆಕ್ಕದಲ್ಲಿ ಉಳಿದಿರುವುದು ಆರು ವರ್ಷ! ಆ ಹುಡುಗಿಯ ತಾತ ಸಾಯುವ ದಿನ ಮನೆಯವರೆಲ್ಲ ಸೇರಿ ಊಟ ಮಾಡುತ್ತಾರೆ. ಸರ್ಕಾರ ಸುಟ್ಟುಹಾಕಿದ ಪದ್ಯವನ್ನು ಒಂದು ಚೂರು ಕಾಗದದಲ್ಲಿ ಬಚ್ಚಿಟ್ಟಿರುವುದನ್ನು ಆ ತಾತ ಮೊಮ್ಮಗಳಿಗೆ ತಿಳಿಸಿಕೊಟ್ಟು ಹೋಗುತ್ತಾನೆ.

ಅದನ್ನು ಓದುವಾಗ ನನ್ನ ಕನ್ನಡಕ ಮಂಜಾಯಿತು. ಮುಂದೆ ಈ ಹುಡುಗಿ ಆ ಪದ್ಯವನ್ನು ಏನು ಮಾಡುತ್ತಾಳೆ, ಇಂಥ ಕಾನೂನನ್ನು ಜನ ಹೇಗೆ ಒಪ್ಪಿಕೊಂಡರು ಎಂದು ಕಾತರದಿಂದ ಪುಟ ತಿರುಗಿಸಿದೆ. ಅಷ್ಟರಲ್ಲಿ ಕತೆ ಇಬ್ಬರು ಹುಡುಗರ ನಡುವೆ ಸಿಕ್ಕಿಕೊಂಡಿತು. ಸರ್ಕಾರ ಗೊತ್ತು ಮಾಡಿದ ಹುಡುಗ ಒಬ್ಬ; ಯಂತ್ರದ ಪರದೆಯ ಮೇಲೆ ಒಂದು ಕ್ಷಣ ಮುಖ ಮಿಂಚಿ ಮರೆಯಾದ ಹುಡುಗ ಇನ್ನೊಬ್ಬ. ಮುಖ ಮಿಂಚಿದ್ದೇ ಸಾಕು, ಹುಡುಗಿಯ ಮನಸ್ಸು ಅತ್ತ ವಾಲಿತು. ಪದ್ಯ ಅಲ್ಲಲ್ಲಿ ಬಂತು, ನಿಜ. ಆದರೆ ಬಹುಪಾಲು ಪುಟ 'ಇವನೋ, ಅವನೋ' ಎಂಬ ಯೋಚನೆಗೇ ಹೋಯಿತು. ತಾತನ ಕತೆ ಕೇಳಲು ಬಂದ ನನಗೆ ಮದುವೆ ಮನೆಯಲ್ಲಿ ಊಟವಿಲ್ಲದೆ ಎದ್ದು ಬಂದ ಹಾಗಾಯಿತು.

ಇದನ್ನೇ ಹೇಳಿದಾಗ ಮೊಮ್ಮಗಳು ನಕ್ಕಳು. "ತಾತ, ನಿಮಗೆ ಲವ್ ಸ್ಟೋರಿ ಅಂದ್ರೆ ಆಗಲ್ಲ, ಅಷ್ಟೆ."

ಹಾಗಲ್ಲ ಪುಟ್ಟಿ ಎಂದು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪ್ರೀತಿ ಥಟ್ಟನೆ ಹುಟ್ಟಬಹುದು. ಅದು ಮನಸ್ಸಿನ ಸ್ವಭಾವ. ಆದರೆ ನಂಬಿಕೆ ಥಟ್ಟನೆ ಹುಟ್ಟುವುದಿಲ್ಲ. ಅದರಲ್ಲೂ ಭಯ ತುಂಬಿದ ಊರಿನಲ್ಲಿ ನಂಬಿಕೆಯಷ್ಟು ದುಬಾರಿ ವಸ್ತು ಬೇರೆ ಇಲ್ಲ. ಪಕ್ಕದ ಮನೆಯವನೇ ಗೂಢಚಾರನಿರಬಹುದು ಎಂದು ಮೂವತ್ತು ಪುಟ ನಮ್ಮನ್ನು ಹೆದರಿಸಿದ ಲೇಖಕರು, ಮುಂದಿನ ಎರಡು ಪುಟದಲ್ಲಿ ಗುರುತು ಪರಿಚಯವಿಲ್ಲದ ಹುಡುಗನಿಗೆ ಹುಡುಗಿಯ ಗುಟ್ಟನ್ನೆಲ್ಲ ಒಪ್ಪಿಸಿಬಿಟ್ಟರೆ, ಆ ಭಯ ಸುಳ್ಳಾಯಿತಲ್ಲ? ಕತೆ ತಾನು ಕಟ್ಟಿದ ಗೋಡೆಯನ್ನು ತಾನೇ ಒದ್ದು ಕೆಡವಿದ ಹಾಗೆ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. 1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ನಾನು ಬ್ಯಾಂಕಿಗೆ ಸೇರಿ ಎರಡು ವರ್ಷವಾಗಿತ್ತು. ಮಕ್ಕಳಿಗೆ ಒಂದು ಮಾತು ತಿಳಿಸಬೇಕು. ಅಂದಿನಿಂದ 1977ರ ಮಾರ್ಚ್ 21ರವರೆಗೆ, ಸುಮಾರು 21 ತಿಂಗಳು, ಪತ್ರಿಕೆಗಳು ಮನಸ್ಸಿಗೆ ಬಂದದ್ದನ್ನು ಅಚ್ಚು ಹಾಕುವ ಹಾಗಿರಲಿಲ್ಲ. ಸರ್ಕಾರವನ್ನು ವಿರೋಧಿಸಿದವರನ್ನು ವಿಚಾರಣೆಯಿಲ್ಲದೆ ಜೈಲಿನಲ್ಲಿ ಇಡಬಹುದಾಗಿತ್ತು. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಅವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಇಟ್ಟಿದ್ದರು. ಅಲ್ಲಿ ಆರೋಗ್ಯ ಪೂರಾ ಕೆಟ್ಟು, ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು.

ನಮ್ಮ ಮೈಸೂರು ಮೇಲ್ನೋಟಕ್ಕೆ ಎಂದಿನಂತೆಯೇ ಇತ್ತು. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರುತ್ತಿದ್ದರು, ಟಾಂಗಾ ಓಡುತ್ತಿದ್ದವು. ಆದರೆ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಪಕ್ಕದ ಮೇಜಿಗೆ ಹೊಸಬರು ಬಂದು ಕೂತರೆ ಮಾತು ಥಟ್ಟನೆ ಮಳೆಯ ಕಡೆಗೋ ಸಾರಿನ ಬೇಳೆಯ ಬೆಲೆಯ ಕಡೆಗೋ ತಿರುಗುತ್ತಿತ್ತು.

ನನ್ನ ಪಕ್ಕದ ಮೇಜಿನಲ್ಲಿ ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬರು ಗುಮಾಸ್ತರಿದ್ದರು. ಇಬ್ಬರೂ ದಿನಾ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದೆವು. ಉಪ್ಪಿನಕಾಯಿ ಹಂಚಿಕೊಳ್ಳುತ್ತಿದ್ದೆವು. 1976ರ ಮಳೆಗಾಲದ ಒಂದು ಮಧ್ಯಾಹ್ನ ಅವರು ಲೆಡ್ಜರಿನ ಅಡಿಯಿಂದ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆಯನ್ನು ನನ್ನ ಕಡೆ ಸರಿಸಿದರು. ಸೈಕ್ಲೋಸ್ಟೈಲ್ ಮಾಡಿದ ಕರಪತ್ರ. ಪತ್ರಿಕೆಯಲ್ಲಿ ಬಾರದ ಸುದ್ದಿ ಅದರಲ್ಲಿತ್ತು. ತಿಂಗಳುಗಟ್ಟಲೆಯಿಂದ ಅವರು ಅಂಥ ಹಾಳೆಗಳನ್ನು ಊಟದ ಡಬ್ಬಿಯ ತಳದಲ್ಲಿಟ್ಟು ಮನೆಯಿಂದ ಮನೆಗೆ ಮುಟ್ಟಿಸುತ್ತಿದ್ದರಂತೆ.

"ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಸಾರ್?" ಎಂದೆ.

"ನೋಡ್ತಾ ಇದ್ದೆ," ಎಂದರು.

ಏನು ನೋಡುತ್ತಿದ್ದರು? ಒಂದು ಸಲ ಯಾರೋ ಬಂದು ಅವರ ಬಗ್ಗೆ ನನ್ನನ್ನು ವಿಚಾರಿಸಿದ್ದರು. "ಅವರು ಲೆಡ್ಜರ್ ಬಿಟ್ಟು ತಲೆಯೆತ್ತೋದೇ ಇಲ್ಲವಲ್ಲ" ಎಂದಷ್ಟೇ ಹೇಳಿ ಕಳಿಸಿದ್ದೆ. ಅದನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಅವರ ಕಿವಿಗೆ ಅದು ಹೇಗೋ ಬಿದ್ದಿತ್ತು. ಆಮೇಲೂ ಅವರು ಎರಡು ತಿಂಗಳು ಕಾದಿದ್ದರು. ದಿನಾ ಒಟ್ಟಿಗೆ ಉಂಡವರಿಗೇ ಒಂದು ಹಾಳೆ ಕೈಗೆ ಕೊಡಲು ಒಂದು ವರ್ಷದ ಮೇಲೆ ಹಿಡಿಯಿತು. ಈ ಕತೆ ಕೇಳಿದ ಮೊಮ್ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬ್ಯಾಂಕಿನ ಕೆಲಸವೂ ಅದೇ ಪಾಠ ಹೇಳುತ್ತಿತ್ತು. ನಮ್ಮ ಕಾಲದಲ್ಲಿ ಖಾತೆ ತೆರೆಯಬೇಕಾದರೆ ಆಗಲೇ ಖಾತೆ ಇರುವ ಇನ್ನೊಬ್ಬರು ಬಂದು 'ಇವರನ್ನು ನಾನು ಬಲ್ಲೆ' ಎಂದು ರುಜು ಹಾಕಬೇಕಿತ್ತು. ಚೆಕ್ ಬಂದರೆ ಮೊದಲೇ ತೆಗೆದಿಟ್ಟುಕೊಂಡಿದ್ದ ಮಾದರಿ ಸಹಿಯ ಜೊತೆ ತಾಳೆ ನೋಡಬೇಕಿತ್ತು. ಆಮೇಲೆ ಹಿತ್ತಾಳೆ ಟೋಕನ್. ಟೋಕನ್ ನಂಬರು ಕೂಗಿದ ಮೇಲೆ ಹಣ. ನಗುಮುಖ ಚೆನ್ನಾಗಿದೆ, ಕಣ್ಣಿನ ಬಣ್ಣ ನೀಲಿ ಎಂದು ಯಾರಿಗೂ ದುಡ್ಡು ಎಣಿಸಿ ಕೊಟ್ಟಿದ್ದಿಲ್ಲ.

ಇಷ್ಟೆಲ್ಲ ಹೇಳಿ ಗೆದ್ದೆ ಎಂದು ಕೂತಿದ್ದಾಗ ಮೊಮ್ಮಗಳು ಒಂದು ಬಾಣ ಬಿಟ್ಟಳು. "ತಾತ, ನೀವು ಅಜ್ಜೀನ ನೋಡೋಕೆ ಹೋದಾಗ ಎಷ್ಟು ಹೊತ್ತು ಇದ್ರಿ?"

"ಅರ್ಧ ಗಂಟೆ."

"ಮಾತಾಡಿದ್ರಾ?"

"ಉಪ್ಪಿಟ್ಟು ಇನ್ನೊಂದು ಸ್ವಲ್ಪ ಹಾಕಲಾ ಅಂತ ಕೇಳಿದ್ಲು. ಸಾಕು ಅಂದೆ."

"ಅಷ್ಟಕ್ಕೇ ಮದುವೆಗೆ ಒಪ್ಪಿಕೊಂಡ್ರಲ್ಲ! ನಮ್ಮ ಪುಸ್ತಕದಲ್ಲಿ ಎರಡು ಪುಟವಾದ್ರೂ ಇರುತ್ತೆ. ನಿಮ್ಮದು ಒಂದು ತಟ್ಟೆ ಉಪ್ಪಿಟ್ಟು."

ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ನನ್ನ ಹೆಂಡತಿ ಗಟ್ಟಿಯಾಗಿ ನಕ್ಕಿದ್ದು ಕೇಳಿಸಿತು. ಕೈ ಒರೆಸಿಕೊಂಡು ಆಚೆ ಬಂದಳು. "ಪುಟ್ಟಿ, ನಿಮ್ಮ ತಾತನ್ನ ಒಪ್ಪಿದ್ದು ಅರ್ಧ ಗಂಟೇಲಿ, ನಿಜ. ನಂಬಿದ್ದು ಯಾವಾಗ ಗೊತ್ತಾ? ನಮ್ಮಪ್ಪ ಕೆ.ಆರ್. ಆಸ್ಪತ್ರೇಲಿ ಮಲಗಿದ್ದಾಗ. ಇವರು ಹನ್ನೊಂದು ರಾತ್ರಿ ಪಕ್ಕದ ಸ್ಟೂಲಿನ ಮೇಲೆ ಕೂತೇ ತೂಕಡಿಸಿ, ಬೆಳಿಗ್ಗೆ ಮನೆಗೆ ಬಂದು ಸ್ನಾನ ಮಾಡಿ ಬ್ಯಾಂಕಿಗೆ ಹೋಗ್ತಿದ್ರು. ಒಂದು ದಿನಾನೂ ಸಾಕಾಯ್ತು ಅನ್ನಲಿಲ್ಲ. ಆಗ ನಮ್ಮ ಮದುವೆ ಆಗಿ ಮೂರು ವರ್ಷ ಆಗಿತ್ತು."

1978ರಲ್ಲಿ ನಮ್ಮ ಮದುವೆ. ಇಷ್ಟು ವರ್ಷದಲ್ಲಿ ಅವಳು ಈ ಮಾತನ್ನು ನನ್ನ ಎದುರಿಗೆ ಹೇಳಿದ್ದು ಅದೇ ಮೊದಲು.

ಮೊಮ್ಮಗಳ ಬತ್ತಳಿಕೆಯಲ್ಲಿ ಇನ್ನೂ ಒಂದು ಬಾಣವಿತ್ತು. ದುಷ್ಯಂತ ಶಕುಂತಲೆಯರದೂ ನೋಡಿದ ತಕ್ಷಣ ಹುಟ್ಟಿದ ಪ್ರೀತಿಯಲ್ಲವೇ? ಹೌದು. ಆದರೆ ಕಾಳಿದಾಸ ಕತೆಯನ್ನು ಕಣ್ವರ ಆಶ್ರಮದ ಬಳ್ಳಿಯ ಮರೆಯಲ್ಲೇ ಮುಗಿಸಲಿಲ್ಲ. ಗುರುತಿನ ಉಂಗುರ ನೀರು ಪಾಲಾಯಿತು. ತುಂಬಿದ ಸಭೆಯಲ್ಲಿ ದೊರೆ 'ಇವಳು ಯಾರೋ ಅರಿಯೆ' ಎಂದ. ಮಗ ಭರತ ಸಿಂಹದ ಮರಿಯ ಜೊತೆ ಆಡುವಷ್ಟು ದೊಡ್ಡವನಾದ ಮೇಲೆ ಅಪ್ಪ ಅಮ್ಮ ಒಂದಾದರು. ನಳ ದಮಯಂತಿಯರು ಹಂಸದ ಮಾತು ಕೇಳಿಯೇ ಒಬ್ಬರನ್ನೊಬ್ಬರು ಮೆಚ್ಚಿದವರು. ಅವರ ಕತೆಯ ತಿರುಳು ಇರುವುದು ಕಾಡಿನಲ್ಲಿ, ಅಗಲಿಕೆಯಲ್ಲಿ. ನಮ್ಮ ಹಿಂದಿನವರು ಬೇಗ ಹುಟ್ಟಿದ ಪ್ರೀತಿಗೆ ಬಡ್ಡಿ ಸಮೇತ ಬೆಲೆ ಕಟ್ಟಿಸಿಕೊಂಡೇ ಬಿಟ್ಟರು.

ನಂಬಿಕೆ ಹುಟ್ಟುವ ಬಗೆಯನ್ನು ನೋಡಬೇಕೆಂದರೆ ರಾಮಾಯಣದ ಸುಂದರಕಾಂಡ ನೋಡಬೇಕು. ಲಂಕೆಗಿಂತ ಕೇಡಿನ ಊರು ಯಾವುದಿದೆ? ಸೀತೆಯ ಸುತ್ತ ರಾಕ್ಷಸಿಯರ ಕಾವಲು. ಹಿಂದೆ ಸನ್ಯಾಸಿಯ ವೇಷ ನಂಬಿದ್ದಕ್ಕೇ ಅವಳಿಗೆ ಈ ಗತಿ ಬಂದದ್ದು. ಆಗ ಮರದ ಮೇಲಿಂದ ಒಂದು ಕಪಿ ಮಾತಾಡುತ್ತದೆ. ವಾಲ್ಮೀಕಿಯ ಹನುಮಂತ ಮೊದಲು ಯೋಚಿಸುವುದೇ, ಯಾವ ಭಾಷೆಯಲ್ಲಿ ಮಾತಾಡಿದರೆ ಈ ತಾಯಿ ಹೆದರುವುದಿಲ್ಲ ಎಂದು. ಮೆಲುದನಿಯಲ್ಲಿ ರಾಮನ ಕತೆ ಹೇಳುತ್ತಾನೆ. ಆದರೂ ಸೀತೆಗೆ ಅನುಮಾನ. ಇವನೂ ರಾವಣನೇ ಇರಬಹುದು. ರಾಮ ಲಕ್ಷ್ಮಣರ ಗುರುತು ಹೇಳು ಎನ್ನುತ್ತಾಳೆ. ನರರಿಗೂ ವಾನರರಿಗೂ ಸ್ನೇಹ ಹೇಗಾಯಿತು ಎಂದು ಕೇಳುತ್ತಾಳೆ. ಎಲ್ಲ ಉತ್ತರವಾದ ಮೇಲೆ ಉಂಗುರ ಹೊರಗೆ ಬರುತ್ತದೆ. ಹೊರಡುವಾಗ ಅವಳೂ ಚೂಡಾಮಣಿ ಕೊಡುತ್ತಾಳೆ. ಜೊತೆಗೆ ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ಕುಕ್ಕಿದ ಹಳೆಯ ಪ್ರಸಂಗವನ್ನೂ ಗುರುತಿಗಾಗಿ ಹೇಳಿ ಕಳಿಸುತ್ತಾಳೆ.

ವಿಳಾಸದ ಪುರಾವೆ, ಮಾದರಿ ಸಹಿ, ಟೋಕನ್, ಒಟಿಪಿ, ಒಂದನ್ನೂ ಬಿಟ್ಟಿಲ್ಲ ನೋಡಿ! ಎದುರಿಗಿದ್ದವನು ಸಾಕ್ಷಾತ್ ಹನುಮಂತ. ಅಂಥವನನ್ನೇ ಸೀತೆ ಪರೀಕ್ಷೆ ಮಾಡದೆ ನಂಬಲಿಲ್ಲ. ಹನುಮಂತನೂ ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ. ಒಳ್ಳೆಯವರು ಯಾರೂ 'ನನ್ನನ್ನು ಈಗಲೇ ನಂಬು' ಎಂದು ಅವಸರ ಮಾಡುವುದಿಲ್ಲ. ಅವಸರ ಮಾಡುವುದು ಸನ್ಯಾಸಿಯ ವೇಷದವರು.

ಕೇಡುಗಾಲದ ಕತೆಗಳಲ್ಲೂ ಇದನ್ನು ಬಲ್ಲ ಲೇಖಕರು ಇದ್ದಾರೆ. ನಮ್ಮ ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ ಕಾದಂಬರಿ 'ನೈನ್ಟೀನ್ ಎಯ್ಟಿಫೋರ್'. ಮಕ್ಕಳು ಅದನ್ನು ದೊಡ್ಡವರಾದ ಮೇಲೆ ಓದಬಹುದು. ಅಲ್ಲಿ ನಾಯಕ ತನ್ನನ್ನು ಮೆಚ್ಚಿದ ಹೆಣ್ಣನ್ನೇ ಮೊದಲು ಪೊಲೀಸರ ಕಡೆಯವಳು ಎಂದು ತಿಳಿದು ದ್ವೇಷಿಸುತ್ತಾನೆ. ಅವಳು ಕೈಗಿಟ್ಟ ಚೀಟಿ ಓದಿದ ಮೇಲೂ ಅವಳ ಪಕ್ಕ ಕೂತು ನಾಲ್ಕು ಮಾತಾಡಲು ದಿನಗಟ್ಟಲೆ ಹೊಂಚು ಹಾಕಬೇಕಾಗುತ್ತದೆ. ಓದುವ ನಮಗೂ ಉಸಿರು ಕಟ್ಟುತ್ತದೆ. ಭಯ ನಿಜವಾಗಿರುವುದರಿಂದ ಪ್ರೀತಿಯೂ ನಿಜವಾಗುತ್ತದೆ.

ಮೊಮ್ಮಗಳಿಗೂ ನನಗೂ ಒಮ್ಮತವಾದದ್ದು ಸುಝಾನ್ ಕಾಲಿನ್ಸ್ ಅವರ 'ಹಂಗರ್ ಗೇಮ್ಸ್' ವಿಷಯದಲ್ಲಿ. 2008ರಲ್ಲಿ ಬಂದ ಆ ಪುಸ್ತಕದಲ್ಲಿ ಪ್ರತಿ ವರ್ಷ ಚೀಟಿ ಎತ್ತಿ ಮಕ್ಕಳನ್ನು ಒಂದು ಅಖಾಡಕ್ಕೆ ಬಿಡುತ್ತಾರೆ. ಕೊನೆಗೆ ಬದುಕಿ ಉಳಿಯುವವರು ಒಬ್ಬರೇ. ಮಿಕ್ಕವರು ಸಾಯುವುದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಬೇಕು. ಹನ್ನೆರಡು ವರ್ಷದ ತಂಗಿಯ ಹೆಸರು ಬಂದಾಗ ಅಕ್ಕ ಕ್ಯಾಟ್ನಿಸ್ 'ನಾನು ಹೋಗುತ್ತೇನೆ' ಎಂದು ಮುಂದೆ ಬರುತ್ತಾಳೆ. ಗಮನಿಸಿ, ಕತೆಯ ಮೊದಲ ಪ್ರೀತಿ ಅಕ್ಕ ತಂಗಿಯರದು. ಅವಳ ಜೊತೆ ಹೋಗುವ ಪೀಟಾ ಬ್ರೆಡ್ ಮಾಡುವವನ ಮಗ. ವರ್ಷಗಳ ಹಿಂದೆ ಅವಳು ಹಸಿದು ಮಳೆಯಲ್ಲಿ ಕೂತಿದ್ದಾಗ, ಬೇಕೆಂದೇ ಬ್ರೆಡ್ ಸೀಯಿಸಿ, ಅಮ್ಮನ ಕೈಲಿ ಏಟು ತಿಂದು, ಅದನ್ನು ಅವಳತ್ತ ಎಸೆದಿದ್ದವನು. ಅಂಥವನು ಟಿ.ವಿ.ಯಲ್ಲಿ 'ಇವಳೆಂದರೆ ನನಗೆ ಇಷ್ಟ' ಎಂದಾಗ ಕ್ಯಾಟ್ನಿಸ್ ಕರಗುವುದಿಲ್ಲ. ಇದೇನೋ ಮೋಸ ಎಂದು ಅವನನ್ನು ಜೋರಾಗಿ ತಳ್ಳುತ್ತಾಳೆ! ಪೂರ್ತಿ ನಂಬಲು ಅವಳಿಗೆ ಮೂರು ಪುಸ್ತಕ ಬೇಕಾಗುತ್ತದೆ.

ಲೋಯಿಸ್ ಲೌರಿ ಅವರ 'ದಿ ಗಿವರ್' 1993ರದು. ಅದರಲ್ಲಿ ಹುಡುಗ ಹುಡುಗಿಯ ಪ್ರೇಮಕ್ಕೆ ಹೆಚ್ಚು ಜಾಗವೇ ಇಲ್ಲ. ಹನ್ನೆರಡು ವರ್ಷದ ಜೋನಾಸ್ ಊರು ಬಿಟ್ಟು ಓಡುವುದು ಒಂದು ಕೂಸನ್ನು ಸಾವಿನಿಂದ ಉಳಿಸಲು. ಆ ಕೂಸು ರಾತ್ರಿ ಅಳುವಾಗ ಬೆನ್ನು ತಟ್ಟಿ ಮಲಗಿಸುತ್ತ ಬೆಳೆದ ಪ್ರೀತಿ ಅದು. ಓದಿ ಮುಗಿಸಿದ ಮೇಲೆ ಮೊಮ್ಮಗಳು ತನ್ನ ಪುಟ್ಟ ತಮ್ಮನನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಓಡಾಡಿದಳು.

ಕತೆಯ ಪುಸ್ತಕಕ್ಕೆ ಇಷ್ಟೊಂದು ತಲೆಬಿಸಿ ಏಕೆ ಎಂದು ನೀವು ಕೇಳಬಹುದು. ಇಂದು ಮಕ್ಕಳಿಗೂ ಸರಿ, ನಮ್ಮಂಥ ಮುದುಕರಿಗೂ ಸರಿ, ಅಪಾಯ ಬರುವ ದಾರಿ ಒಂದೇ. ಅದು ದಿಢೀರ್ ನಂಬಿಕೆ. ಫೋನಿನಲ್ಲಿ ಮುಖ ಕಾಣದ ಗೆಳೆಯ ಎರಡೇ ದಿನದಲ್ಲಿ 'ನಿನ್ನ ಫೋಟೋ ಕಳಿಸು, ಮನೆಯಲ್ಲಿ ಹೇಳಬೇಡ' ಎನ್ನುತ್ತಾನೆ. ನಮಗೆ ಬರುವ ಕರೆಯಲ್ಲಿ ಸಿಹಿಯಾದ ದನಿ 'ಸಾರ್, ಬೇಗ ಒಟಿಪಿ ಹೇಳಿ, ಇಲ್ಲದಿದ್ದರೆ ಖಾತೆ ಬಂದ್ ಆಗುತ್ತದೆ' ಎನ್ನುತ್ತದೆ. ಎರಡರಲ್ಲೂ ಇರುವುದು ಅವಸರ. ನಮ್ಮ ಬೀದಿಯ ಹಿರಿಯರೊಬ್ಬರು ಹತ್ತು ನಿಮಿಷದ ಮಾತು ನಂಬಿ ಹತ್ತು ವರ್ಷದ ಉಳಿತಾಯ ಕಳೆದುಕೊಂಡರು. ನಂಬಿಕೆ ಎರಡು ಪುಟದಲ್ಲಿ ಕೈಗೂಡುತ್ತದೆ ಎಂದು ಕತೆಗಳು ಮತ್ತೆ ಮತ್ತೆ ಹೇಳಿದರೆ ಅದು ಎಳೆಯ ಮನಸ್ಸಿಗೆ ಅಭ್ಯಾಸವಾಗಿಬಿಡುತ್ತದೆ ಎಂಬುದು ನನ್ನ ಅಂಜಿಕೆ.

ಹಾಗಾಗಿ ಮೊಮ್ಮಗಳೂ ನಾನೂ ಒಂದು ಆಟ ಮಾಡಿಕೊಂಡಿದ್ದೇವೆ. ನೀವೂ ಮನೆಯಲ್ಲಿ ಆಡಬಹುದು. ಕತೆಯಲ್ಲಿ ಒಬ್ಬರು ಇನ್ನೊಬ್ಬರಿಗಾಗಿ ತಮಗೆ ಕಷ್ಟವಾಗುವಂಥದ್ದು ಏನಾದರೂ ಮಾಡಿದರೆ ಪೆನ್ಸಿಲಿನಿಂದ ಅಂಚಿನಲ್ಲಿ ಒಂದು ಚುಕ್ಕೆ ಇಡಬೇಕು. ಲೈಬ್ರರಿ ಪುಸ್ತಕವಾದರೆ ಬೇರೆ ಹಾಳೆಯಲ್ಲಿ! ಬ್ರೆಡ್ ಸೀಯಿಸಿದ್ದಕ್ಕೆ ಒಂದು ಚುಕ್ಕೆ. ಅಳುವ ಕೂಸಿಗೆ ನಿದ್ದೆಗೆಟ್ಟಿದ್ದಕ್ಕೆ ಒಂದು. ಕಣ್ಣಿನ ಬಣ್ಣಕ್ಕೆ ಸೊನ್ನೆ. 'ನಿನಗಾಗಿ ಪ್ರಾಣ ಕೊಡುತ್ತೇನೆ' ಎಂಬ ಮಾತು ಬಂದಾಗ ನಿಲ್ಲಿಸಿ ಚುಕ್ಕೆ ಎಣಿಸುವುದು. ಜಮೆ ಇಲ್ಲದೆ ಖರ್ಚು ಬರೆದಿದ್ದರೆ ಗೊತ್ತಾಗಿಬಿಡುತ್ತದೆ.

ಮೊಮ್ಮಗಳು ಈಗ ತಾನೇ ಒಂದು ಕತೆ ಬರೆಯಲು ಹಿಡಿದಿದ್ದಾಳೆ. 2090ನೇ ಇಸವಿಯ ಮೈಸೂರು. ಕುಕ್ಕರಹಳ್ಳಿ ಕೆರೆಯ ಸುತ್ತ ಎತ್ತರದ ಗೋಡೆ. ಮನೆಗೆ ದಿನಕ್ಕೆ ಒಂದೇ ಕೊಡ ನೀರು. ಸರತಿಯಲ್ಲಿ ನಿಂತವರು ಮಾತಾಡುವ ಹಾಗಿಲ್ಲ. ಒಬ್ಬ ಹುಡುಗಿ, ಅವಳ ಹಿಂದೆ ಒಬ್ಬ ಹುಡುಗ. ಪ್ರತಿ ಭಾನುವಾರ ಹೊಸ ಪುಟಗಳನ್ನು ನನಗೂ ಅಜ್ಜಿಗೂ ಓದಿ ಹೇಳುತ್ತಾಳೆ. ನೋಟ್‌ಬುಕ್ಕಿನಲ್ಲಿ ನಲವತ್ತು ಪುಟ ತುಂಬಿದೆ. ಹುಡುಗ ಒಂದು ಸಲ ಅವಳ ಬಿರುಕು ಬಿಟ್ಟ ಕೊಡಕ್ಕೆ ಯಾರಿಗೂ ಕಾಣದ ಹಾಗೆ ಮೇಣ ಹಚ್ಚಿಕೊಟ್ಟಿದ್ದಾನೆ. ಒಂದು ಚುಕ್ಕೆ. ಇಬ್ಬರೂ ಇನ್ನೂ ಹೆಸರು ಹೇಳಿಕೊಂಡಿಲ್ಲ.